ಅಲ್ಯೂಮಿನಿಯಂ ಬಿರುಕು ಬೆಳೆಯುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಓದುಗರು ಒಂದೇ ವಿಷಯದ ಸುತ್ತ ಬಹಳ ಪ್ರಶ್ನೆ ಕಳಿಸಿದ್ದಾರೆ. ಅಲ್ಯೂಮಿನಿಯಂ ಸಾಮಾನು ಯಾಕೆ ಬಿರುಕು ಬಿಡುತ್ತದೆ, ಬಿಟ್ಟ ಮೇಲೆ ಏನು ಮಾಡಬೇಕು ಅನ್ನುವುದು. ಒಂದೇ ಥರದವನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಅಕ್ಕಿ ಗಿರಣಿ. ಭತ್ತ ಸೋಸುವ ಜರಡಿಯನ್ನು ಹಿಡಿದುಕೊಂಡಿರುವ ಅಲ್ಯೂಮಿನಿಯಂ ಬ್ರಾಕೆಟ್ಟು ಬೋಲ್ಟಿನ ತೂತಿನ ಪಕ್ಕ ಬಿರುಕು ಬಿಟ್ಟಿತು. ಆರ್ಗಾನ್ ವೆಲ್ಡಿಂಗ್ ಮಾಡಿಸಿದೆವು. ಒಂದು ಸುಗ್ಗಿ ಮುಗಿಯುವ ಮೊದಲೇ ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳಿದೆ. ಅದರ ಮೇಲೆ ಅಂಥ ಭಾರವೇನೂ ಇಲ್ಲ. ಮತ್ತೆ ಯಾಕೆ ಹೀಗೆ?
– ಗಂಗಾವತಿಯ ಓದುಗರು

ಉತ್ತರ: ಭಾರ ಕಡಿಮೆ ಅನ್ನುವುದು ನಿಜ ಇರಬಹುದು. ಆದರೆ ಅದು ಎಷ್ಟು ಸಲ ಬೀಳುತ್ತದೆ ನೋಡಿ. ಜರಡಿ ನಿಮಿಷಕ್ಕೆ 400 ಸಲ ಅಲುಗಾಡುತ್ತದೆ ಅಂತ ಇಟ್ಟುಕೊಳ್ಳೋಣ. ಗಂಟೆಗೆ 24 ಸಾವಿರ ಸಲ ಆಯಿತು. ದಿನಕ್ಕೆ 10 ಗಂಟೆ ಓಡಿಸಿದರೆ 2 ಲಕ್ಷ 40 ಸಾವಿರ. ನೂರು ದಿನ ಗಿರಣಿ ನಡೆದರೆ ಆ ಬ್ರಾಕೆಟ್ಟು 2 ಕೋಟಿ 40 ಲಕ್ಷ ಸಲ ಒಂದಿಷ್ಟು ಬಗ್ಗಿ, ಮತ್ತೆ ನೆಟ್ಟಗಾಗಿರುತ್ತದೆ. ಇಷ್ಟು ಸಲ ಬಿದ್ದರೆ, ಒಂದೇ ಏಟಿಗೆ ಮುರಿಯಲು ಬೇಕಾದ ಭಾರದ ಮೂರನೇ ಒಂದು ಪಾಲೂ ಸಾಕು. ಇದನ್ನೇ ಫಟೀಗ್ ಅನ್ನುತ್ತಾರೆ, ಲೋಹದ ದಣಿವು.

ತೂತಿನ ಪಕ್ಕದಲ್ಲೇ ಯಾಕೆ ಅನ್ನುವುದಕ್ಕೂ ಕಾರಣ ಇದೆ. ಎಳೆತದಲ್ಲಿರುವ ಅಗಲವಾದ ತಗಡಿನಲ್ಲಿ ಒಂದು ದುಂಡನೆಯ ತೂತು ಕೊರೆದರೆ, ಆ ತೂತಿನ ಅಂಚಿನಲ್ಲಿ ಎಳೆತ ಮೂರು ಪಟ್ಟು ಆಗುತ್ತದೆ. ಜರ್ಮನಿಯ ಕಿರ್ಶ್ ಇದನ್ನು 1898ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಶಾಂಪೂ ಪಾಕೀಟಿನ ಅಂಚಿಗೆ ಒಂದು ಸಣ್ಣ ಕಚ್ಚು ಕೊಟ್ಟಿರುತ್ತಾರಲ್ಲ, ಅಲ್ಲಿಂದ ಹರಿದರೆ ಸಲೀಸಾಗಿ ಹರಿಯುತ್ತದೆ, ಬೇರೆ ಕಡೆ ಎಷ್ಟು ಜಗ್ಗಿದರೂ ಬಗ್ಗುವುದಿಲ್ಲ, ಹಾಗೇ ಇದು. ತೂತಿನ ಒಳಗೆ ಡ್ರಿಲ್ಲಿನ ಗೀರು ಇದ್ದರೆ, ಅಂಚನ್ನು ಉಜ್ಜದೆ ಬಿಟ್ಟಿದ್ದರೆ, ಅಲ್ಲಿ ಎಳೆತ ಇನ್ನೂ ಜಾಸ್ತಿ.

ಈಗ ಬಿರುಕಿನ ಹುಟ್ಟು. ಅಲ್ಯೂಮಿನಿಯಂ ಒಳಗೆ ಕಬ್ಬಿಣ ಮತ್ತು ಸಿಲಿಕಾನ್ ಸ್ವಲ್ಪ ಬೆರೆತೇ ಇರುತ್ತವೆ. ಅವು ಗಟ್ಟಿಯಾದ, ಬೇಗ ಒಡೆಯುವ ಸಣ್ಣ ಕಣಗಳಾಗಿ ಅಲ್ಲಲ್ಲಿ ಕೂತಿರುತ್ತವೆ. ಕಣ್ಣಿಗೆ ಕಾಣುವಂಥವಲ್ಲ. ಮೇಲ್ಮೈ ಹತ್ತಿರದ ಅಂಥ ಕಣವೊಂದು ಒಡೆಯುತ್ತದೆ, ಇಲ್ಲವೇ ಸುತ್ತಲಿನ ಲೋಹದಿಂದ ಬಿಟ್ಟುಕೊಳ್ಳುತ್ತದೆ. ಬಿರುಕು ಅಲ್ಲಿಂದ ಶುರು. ನಮ್ಮ ಸಂಡೂರಿನ ಕೆಂಪು ಗುಡ್ಡಗಳಲ್ಲಿ ಸಂಪತ್ತಾಗಿರುವ ಕಬ್ಬಿಣ ಅಲ್ಯೂಮಿನಿಯಂ ಒಳಗೆ ಹೊಕ್ಕರೆ ಅದರ ಆಯಸ್ಸನ್ನೇ ತಿನ್ನುತ್ತದೆ. ಅದಕ್ಕೇ ವಿಮಾನದವರು 7075 ಅನ್ನುವ ಮಿಶ್ರಲೋಹದಲ್ಲಿ ಕಬ್ಬಿಣ, ಸಿಲಿಕಾನ್ ಎರಡನ್ನೂ ಇಳಿಸಿ 7475 ಅಂತ ಇನ್ನೊಂದು ಮಾಡಿಕೊಂಡಿದ್ದಾರೆ.

ಹುಟ್ಟಿದ ಬಿರುಕು ಪ್ರತಿ ಎಳೆತಕ್ಕೂ ತುಸು ಬಾಯಿ ಬಿಡುತ್ತದೆ. ಅದರ ತುದಿ ಮೊಂಡಾಗುತ್ತದೆ, ಅಷ್ಟು ಹೊಸ ಮೇಲ್ಮೈ ತೆರೆದುಕೊಳ್ಳುತ್ತದೆ. ಎಳೆತ ಇಳಿದಾಗ ಬಾಯಿ ಮುಚ್ಚಿ ತುದಿ ಮತ್ತೆ ಚೂಪಾಗುತ್ತದೆ. ಮುಂದಿನ ಎಳೆತಕ್ಕೆ ಮತ್ತೆ ಅದೇ. ಒಂದು ಸಲಕ್ಕೆ ಮುಂದೆ ಹೋಗುವುದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು ಇರಬಹುದು. ಕೇಳಲು ಏನೂ ಅನಿಸುವುದಿಲ್ಲ. ಆದರೆ ಆ ಲೆಕ್ಕದಲ್ಲಿ 10 ಸಾವಿರ ಸಲಕ್ಕೆ 1 ಮಿಲಿಮೀಟರ್ ಆಯಿತು, ನಿಮ್ಮ ಜರಡಿಗೆ ಅದು ಅರ್ಧ ಗಂಟೆಯೂ ಆಗದ ಕೆಲಸ.

ವೆಲ್ಡಿಂಗ್ ಯಾಕೆ ನಿಲ್ಲಲಿಲ್ಲ? ಬ್ರಾಕೆಟ್ಟು 6061-ಟಿ6 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ಥರದ್ದಾಗಿದ್ದರೆ, ಅದರ ಗಟ್ಟಿತನ ಬಂದಿರುವುದೇ ಕಾರ್ಖಾನೆಯಲ್ಲಿ ಕೊಟ್ಟ ಶಾಖದ ಹದದಿಂದ. ಸುಮಾರು 530 ಡಿಗ್ರಿಗೆ ಕಾಯಿಸಿ, ನೀರಿನಲ್ಲಿ ತಟ್ಟನೆ ತಣಿಸಿ, ಆಮೇಲೆ 160-175 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟಿರುತ್ತಾರೆ. ವೆಲ್ಡಿಂಗ್ ಕಾವು ಬೆಸುಗೆಯ ಪಕ್ಕದ ಪಟ್ಟಿಯಲ್ಲಿ ಆ ಹದವನ್ನು ಪೂರ್ತಿ ಕೆಡಿಸುತ್ತದೆ. ಅಲ್ಲಿ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೇಲೆ ಬೆಸುಗೆಯ ಅಂಚಿನ ಏಣು ಬೇರೆ, ಒಳಗೆ ಗಾಳಿಗುಳ್ಳೆ ಬೇರೆ. ಬಿರುಕಿಗೆ ಹೊಸ ಜಾಗವನ್ನು ನಾವೇ ಮಾಡಿಕೊಟ್ಟಂತೆ ಆಯಿತು. ಇದು ನಿಮ್ಮ ವೆಲ್ಡರ್ ತಪ್ಪು ಅಂತ ನಾನು ಹೇಳುವುದಿಲ್ಲ. ಎಷ್ಟೇ ಚೆನ್ನಾಗಿ ಬೆಸೆದರೂ ಆ ಪಟ್ಟಿ ಮೆತ್ತಗಾಗುವುದು ತಪ್ಪುವುದಿಲ್ಲ.

ಬಿರುಕಿನ ತುದಿಗೆ ಒಂದು ತೂತು ಕೊರೆದು ನಿಲ್ಲಿಸುವ ರೂಢಿ ಇದೆ. ಅದು ಸುಳ್ಳಲ್ಲ. ಚೂಪಾದ ತುದಿ ಹೋಗಿ ದುಂಡನೆಯ ಅಂಚು ಬಂದರೆ ಎಳೆತ ಹಂಚಿಕೊಳ್ಳುತ್ತದೆ. ಆದರೆ ನಿಜವಾದ ತುದಿ ಕಣ್ಣಿಗೆ ಕಾಣುವ ತುದಿಗಿಂತ ಮುಂದೆ ಇರುತ್ತದೆ. ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿ ತುದಿ ಎಲ್ಲಿದೆ ಅಂತ ಖಚಿತ ಮಾಡಿಕೊಂಡ ಮೇಲೇ ಕೊರೆಯಬೇಕು, ತೂತಿನ ಒಳಮೈ ನಯವಾಗಿರಬೇಕು. ಇಷ್ಟೆಲ್ಲ ಮಾಡಿದರೂ ಅದು ಹೊಸ ಬ್ರಾಕೆಟ್ಟು ಬರುವವರೆಗಿನ ವ್ಯವಸ್ಥೆ ಮಾತ್ರ. ಆ ತೂತಿನ ಇನ್ನೊಂದು ಬದಿಯಿಂದ ಬಿರುಕು ಮತ್ತೆ ಹುಟ್ಟುತ್ತದೆ.

ನನ್ನ ಸಲಹೆ ಕೇಳಿದರೆ, ಹೊಸದನ್ನು ಹಾಕಿ, ಇನ್ನೂ ದಪ್ಪ ಇರಲಿ, ಮೂಲೆಗಳು ಚೂಪಾಗಿರದೆ ದುಂಡಾಗಿರಲಿ. ಅದಕ್ಕಿಂತ ಮೊದಲು ಜರಡಿ ಒಂದು ಕಡೆ ವಾಲಿ ಅಲುಗಾಡುತ್ತಿದೆಯಾ, ಬೋಲ್ಟು ಸಡಿಲ ಆಗಿದೆಯಾ ನೋಡಿ. ಬಿಗಿಯಾಗಿ ಕೂತ ಬೋಲ್ಟು ಅಲುಗಾಟದ ದೊಡ್ಡ ಪಾಲನ್ನು ತೂತಿನ ಅಂಚಿಗೆ ಬಿಡುವುದಿಲ್ಲ. ಸಡಿಲ ಬೋಲ್ಟು ಎಲ್ಲವನ್ನೂ ಅಲ್ಲಿಗೇ ಕಳಿಸುತ್ತದೆ.

ಪ್ರಶ್ನೆ: ಉಕ್ಕಿಗೆ ಒಂದು ಮಿತಿ ಇದೆ, ಅದಕ್ಕಿಂತ ಕಡಿಮೆ ಭಾರ ಹಾಕಿದರೆ ಎಷ್ಟು ಕಾಲವಾದರೂ ಮುರಿಯುವುದಿಲ್ಲ, ಅಲ್ಯೂಮಿನಿಯಂಗೆ ಆ ಮಿತಿ ಇಲ್ಲ ಅಂತ ಪಾಠದಲ್ಲಿ ಇದೆ. ಹಾಗಾದರೆ ಅಲ್ಯೂಮಿನಿಯಂ ಯಾವತ್ತಾದರೂ ಮುರಿದೇ ಮುರಿಯುತ್ತದಾ? ಬಿರುಕು ಎಷ್ಟು ದಿನಕ್ಕೆ ಎಷ್ಟು ಬೆಳೆಯುತ್ತದೆ ಅಂತ ಲೆಕ್ಕ ಹಾಕಬಹುದಾ?
– ಬಳ್ಳಾರಿಯ ಮೆಕ್ಯಾನಿಕಲ್ ವಿದ್ಯಾರ್ಥಿನಿ

ಉತ್ತರ: ಪಾಠ ಸರಿಯಾಗಿದೆ. 1850-60ರ ದಶಕದಲ್ಲಿ ಪ್ರಶಿಯಾದ ರೈಲ್ವೆಯಲ್ಲಿ ಆಗಸ್ಟ್ ವೋಲರ್ ರೈಲು ಚಕ್ರದ ಅಚ್ಚುಗಳನ್ನು (ಆಕ್ಸಲ್) ತಿರುಗಿಸಿ ತಿರುಗಿಸಿ ಪರೀಕ್ಷೆ ಮಾಡಿದ. ಎಷ್ಟು ಎಳೆತ ಹಾಕಿದರೆ ಎಷ್ಟು ಸುತ್ತಿಗೆ ಮುರಿಯುತ್ತದೆ ಅಂತ ಒಂದು ರೇಖೆ ಎಳೆದರೆ, ಉಕ್ಕಿನ ರೇಖೆ ಸುಮಾರು 10 ಲಕ್ಷದಿಂದ 1 ಕೋಟಿ ಸುತ್ತಿನ ನಡುವೆ ಮಟ್ಟಸವಾಗುತ್ತದೆ. ಅಲ್ಯೂಮಿನಿಯಂ ರೇಖೆ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಕೈಪಿಡಿಗಳಲ್ಲಿ 50 ಕೋಟಿ ಸುತ್ತಿಗೆ ಇಷ್ಟು ತಡೆಯುತ್ತದೆ ಅಂತ ಬರೆದಿರುತ್ತಾರೆ. 6061-ಟಿ6 ಒಂದೇ ಎಳೆತಕ್ಕೆ ಸುಮಾರು 310 ಮೆಗಾಪ್ಯಾಸ್ಕಲ್ (ಎಳೆತದ ಅಳತೆ) ತಡೆಯುತ್ತದೆ, 50 ಕೋಟಿ ಸುತ್ತಿಗೆ ಸುಮಾರು 97 ಮಾತ್ರ. 7075-ಟಿ6ಗೆ ಈ ಸಂಖ್ಯೆಗಳು 570 ಮತ್ತು 160ರ ಆಸುಪಾಸು. ನೋಡಿದಿರಾ, ಒಂದೇ ಎಳೆತದ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟು ಇದ್ದರೂ ದಣಿವು ತಡೆಯುವ ಶಕ್ತಿ ಅಷ್ಟು ಏರಿಲ್ಲ. ಗಟ್ಟಿ ಲೋಹ ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಈ ಜೋಡಿ ಸಂಖ್ಯೆಗಳನ್ನು ಒಮ್ಮೆ ನೋಡಬೇಕು.

ಮುರಿದೇ ಮುರಿಯುತ್ತದಾ ಅಂದರೆ, ಅದರ ಕೆಲಸದ ಆಯಸ್ಸಿನ ಒಳಗೆ ಮುರಿಯದಂತೆ ಮಾಡಬಹುದು. ಅದಕ್ಕೇ ನೀವು ಕೇಳಿದ ಲೆಕ್ಕ ಬೇಕಾಗುವುದು.

ಅಮೆರಿಕದ ಪಾಲ್ ಪ್ಯಾರಿಸ್ 1960ರ ಆಸುಪಾಸಿನಲ್ಲಿ ಒಂದು ಸರಳ ಸಂಬಂಧ ಹೇಳಿದ. ಬಿರುಕಿನ ತುದಿಯಲ್ಲಿ ಎಳೆತ ಎಷ್ಟು ಏರಿಳಿಯುತ್ತದೆ ಅನ್ನುವುದನ್ನು ಒಂದೇ ಸಂಖ್ಯೆಯಲ್ಲಿ ಹಿಡಿಯಬಹುದು, ಬಿರುಕಿನ ವೇಗ ಆ ಸಂಖ್ಯೆಯ ಘಾತಕ್ಕೆ ತಕ್ಕಂತೆ ಇರುತ್ತದೆ ಅಂದ. ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಆ ಘಾತ ಸಾಮಾನ್ಯವಾಗಿ 3ರಿಂದ 4. ಇವತ್ತು ಲೋಕವೆಲ್ಲ ಬಳಸುವ ಈ ಮಾತನ್ನು ಆಗಿನ ದೊಡ್ಡ ಪತ್ರಿಕೆಗಳು ಒಪ್ಪಲಿಲ್ಲ. ಕೊನೆಗೆ 1961ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಹೊಸ ವಿಚಾರ ಹಿಡಿದುಕೊಂಡಿರುವ ವಿದ್ಯಾರ್ಥಿಗಳಿಗೆ ಇದು ಗೊತ್ತಿರಲಿ ಅಂತ ಹೇಳಿದೆ.

ಘಾತ 3 ಅಂತ ಇಟ್ಟುಕೊಂಡು ಲೆಕ್ಕ ಮಾಡಿ. ಬಿರುಕಿನ ತುದಿಯ ಎಳೆತ ಹೇಳುವ ಆ ಸಂಖ್ಯೆ ಭಾರದ ಏರಿಳಿತಕ್ಕೆ ನೇರವಾಗಿ, ಬಿರುಕಿನ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಭಾರದ ಏರಿಳಿತ ಎರಡು ಪಟ್ಟಾದರೆ ವೇಗ 8 ಪಟ್ಟು. ಅದನ್ನೇ ಶೇ. 20 ಇಳಿಸಿದರೆ ವೇಗ ಅರ್ಧಕ್ಕೆ ಬರುತ್ತದೆ. ಈಗ ಭಾರ ಹಾಗೇ ಇರಲಿ, ಬಿರುಕು ಮಾತ್ರ 1 ಮಿಲಿಮೀಟರಿನಿಂದ 25 ಮಿಲಿಮೀಟರಿಗೆ ಬೆಳೆಯಲಿ. ಮೊದಲ 3 ಮಿಲಿಮೀಟರ್ ಬೆಳೆಯಲು, ಅಂದರೆ 1ರಿಂದ 4 ಆಗಲು, ಒಟ್ಟು ಆಯಸ್ಸಿನ ಶೇ. 62ಕ್ಕಿಂತ ಜಾಸ್ತಿ ಕಳೆದುಹೋಗುತ್ತದೆ. ಉಳಿದ 21 ಮಿಲಿಮೀಟರ್ ಉಳಿದ ಶೇ. 38ರೊಳಗೆ. 9ರಿಂದ 25 ಆಗಲು ಶೇ. 17 ಸಾಕು. ದಯವಿಟ್ಟು ಈ ಲೆಕ್ಕವನ್ನು ನೀವೇ ಕೂತು ಮಾಡಿ ನೋಡಿ, ಅದು ತಲೆಯಲ್ಲಿ ಉಳಿಯಬೇಕು. ಬಿರುಕು ಕಣ್ಣಿಗೆ ಚೆನ್ನಾಗಿ ಕಾಣುವ ಹೊತ್ತಿಗೆ ಅದರ ಆಯಸ್ಸಿನ ಹೆಚ್ಚಿನ ಪಾಲು ಮುಗಿದಿರುತ್ತದೆ. 'ಇಷ್ಟು ದಿನ ನಿಂತಿದೆ, ಇನ್ನಷ್ಟು ದಿನ ನಿಲ್ಲುತ್ತೆ ಬಿಡಿ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ದಿನಾ ಬೈಕು ಓಡಿಸುತ್ತೇನೆ. ಅಲಾಯ್ ವೀಲ್‌ನಲ್ಲಿ ಹೇರ್ ಕ್ರ್ಯಾಕ್ ಬಂದಿದೆ. ವೆಲ್ಡ್ ಮಾಡಿಸಿಕೊಂಡರೆ ಆಗುತ್ತೆ ಅಂತ ಅಂಗಡಿಯವರು ಹೇಳುತ್ತಾರೆ.
– ಸಂಡೂರಿನ ಓದುಗರು

ಉತ್ತರ: ಬೇಡ. ವೀಲ್ ಬದಲಾಯಿಸಿ. ಅದು ಎರಕ ಹೊಯ್ದ ಅಲ್ಯೂಮಿನಿಯಂ, ಸಿಲಿಕಾನ್ ಜಾಸ್ತಿ ಇರುವುದು, ಒಳಗೆ ಸಣ್ಣ ಸಣ್ಣ ಗುಳ್ಳೆಗಳು ಇದ್ದೇ ಇರುತ್ತವೆ. ಬಿರುಕು ಹೆಚ್ಚಾಗಿ ಹುಟ್ಟುವುದೇ ಅಂಥ ಗುಳ್ಳೆಗಳಿಂದ. ಬೆಸುಗೆಯ ಕಾವು ಉಳಿದಿದ್ದ ಗಟ್ಟಿತನವನ್ನೂ ತೆಗೆಯುತ್ತದೆ ಅಂತ ಮೇಲೆ ಹೇಳಿದೆನಲ್ಲ. ಗಿರಣಿಯ ಬ್ರಾಕೆಟ್ಟು ಮುರಿದರೆ ಗಿರಣಿ ನಿಲ್ಲುತ್ತದೆ ಅಷ್ಟೇ, ಮುಂದಿನ ಚಕ್ರ ಮುರಿದರೆ ನಿಮ್ಮ ಹಿಂದೆ ಬರುವುದು ಟಿಪ್ಪರ್. ಇನ್ನೊಂದು ಮಾತು. ಟ್ಯೂಬ್‌ಲೆಸ್ ಟೈರಿನಲ್ಲಿ ಪಂಕ್ಚರ್ ಸಿಗದೆ ಗಾಳಿ ನಿಧಾನವಾಗಿ ಇಳಿಯುತ್ತಿದ್ದರೆ ರಿಮ್ಮಿನ ಒಳಬದಿಯನ್ನೂ, ಕಡ್ಡಿಗಳ ಬುಡವನ್ನೂ ತೊಳೆದು ನೋಡಿಸಿ.

ಪ್ರಶ್ನೆ: ನಮ್ಮ ಹೊಲದ ಮೇಲೆ ಶಕ್ತಿನಗರದ ಕಡೆಯ ದೊಡ್ಡ ವಿದ್ಯುತ್ ಲೈನು ಹೋಗಿದೆ. ಪ್ರತಿ ಟವರಿನ ಹತ್ತಿರ ತಂತಿಗೆ ಡಂಬೆಲ್ ಥರ ಏನೋ ನೇತುಹಾಕಿದ್ದಾರೆ. ಅದು ಏನಕ್ಕೆ?
– ದೇವದುರ್ಗ ತಾಲ್ಲೂಕಿನ ರೈತರು

ಉತ್ತರ: ಈ ಪ್ರಶ್ನೆ ನೋಡಿ ಬಹಳ ಖುಷಿಯಾಯಿತು, ಯಾಕೆಂದರೆ ಅದು ಇರುವುದೇ ಅಲ್ಯೂಮಿನಿಯಂ ದಣಿಯದಂತೆ ಕಾಯಲು. ಆ ತಂತಿಯ ನಡುವೆ ಉಕ್ಕಿನ ಎಳೆಗಳು, ಸುತ್ತ ಅಲ್ಯೂಮಿನಿಯಂ ಎಳೆಗಳು. 400 ಕಿಲೋವೋಲ್ಟ್ ಲೈನುಗಳಲ್ಲಿ ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸುವ 'ಮೂಸ್' ಅನ್ನುವ ತಂತಿಯಲ್ಲಿ 54 ಅಲ್ಯೂಮಿನಿಯಂ ಎಳೆ, 7 ಉಕ್ಕಿನ ಎಳೆ ಇರುತ್ತವೆ, ದಪ್ಪ ಸುಮಾರು 32 ಮಿಲಿಮೀಟರ್.

ಗಾಳಿ ತಂತಿಯನ್ನು ದಾಟುವಾಗ ಹಿಂಬದಿಯಲ್ಲಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಸುಳಿ ಏಳುತ್ತದೆ. ಅದಕ್ಕೆ ತಕ್ಕಂತೆ ತಂತಿ ನಡುಗುತ್ತದೆ. ಸೆಕೆಂಡಿಗೆ 3 ಮೀಟರ್ ವೇಗದ ಮೆಲ್ಲನೆಯ ಗಾಳಿಗೆ ಈ ತಂತಿ ಸೆಕೆಂಡಿಗೆ ಸುಮಾರು 19 ಸಲ ನಡುಗುತ್ತದೆ. ದಿನವೆಲ್ಲ ಹಾಗೇ ಬೀಸಿದರೆ 16 ಲಕ್ಷ ಸಲ. ಬಿರುಗಾಳಿಯೇ ತಂತಿಗೆ ಶತ್ರು ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ದಣಿವಿನ ವಿಷಯದಲ್ಲಿ ಒಂದೇ ಸಮನೆ ಬೀಸುವ ಮೆಲುಗಾಳಿಯೇ ಕೆಟ್ಟದ್ದು. ಕೃಷ್ಣೆ, ತುಂಗಭದ್ರೆ ನಡುವಿನ ನಿಮ್ಮ ಬಯಲು ಸೀಮೆ ಎಷ್ಟು ಮಟ್ಟಸ ಅಂತ ನಿಮಗೇ ಗೊತ್ತು, ಗಾಳಿಯನ್ನು ಒಡೆಯಲು ಗುಡ್ಡವೂ ಕಡಿಮೆ, ಮರವೂ ಕಡಿಮೆ.

ನಡುಗುವ ತಂತಿ ಟವರಿನ ಬಳಿ ಕ್ಲಾಂಪಿನಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಬಗ್ಗುವುದೆಲ್ಲ ಅಲ್ಲಿಯೇ. ಎಳೆಗೆ ಎಳೆ ಉಜ್ಜಿ ಸಣ್ಣ ಗಾಯ ಆಗುತ್ತದೆ, ಗಾಯದಿಂದ ಬಿರುಕು, ಒಂದೊಂದೇ ಎಳೆ ತುಂಡಾಗುತ್ತದೆ. ಕ್ಲಾಂಪಿನ ಒಳಗೆ ಆಗುವುದರಿಂದ ಕೆಳಗಿನಿಂದ ಕಾಣುವುದೂ ಇಲ್ಲ. ನೀವು ನೋಡಿದ ಡಂಬೆಲ್ಲು ಆ ನಡುಕದ ಶಕ್ತಿಯನ್ನು ತಾನು ಹೀರಿಕೊಳ್ಳುತ್ತದೆ. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಿದ್ಯುತ್ ಎಂಜಿನಿಯರ್ ಜಾರ್ಜ್ ಸ್ಟಾಕ್‌ಬ್ರಿಡ್ಜ್ ಮಾಡಿದ ಸಾಧನ ಅದು, ಹೆಸರೂ ಸ್ಟಾಕ್‌ಬ್ರಿಡ್ಜ್ ಡ್ಯಾಂಪರ್. ಅದು ಜಾರಿ ತಂತಿಯ ನಡುವಿಗೆ ಹೋಗಿರುವುದೋ, ಒಂದು ಬದಿಯ ಗುಂಡು ಬಿದ್ದಿರುವುದೋ ಕಂಡರೆ ಹತ್ತಿರ ಹೋಗಬೇಡಿ, ಲೈನಿನವರಿಗೆ ತಿಳಿಸಿ.

ಪ್ರಶ್ನೆ: ವಿಮಾನದ ಮೈಯೆಲ್ಲ ಅಲ್ಯೂಮಿನಿಯಂ ಅಂತಾರೆ. ಅದಕ್ಕೂ ಬಿರುಕು ಬರುತ್ತದಲ್ವಾ? ಮಗಳನ್ನು ನೋಡಲು ಮೊದಲ ಸಲ ವಿಮಾನದಲ್ಲಿ ಹೋಗಬೇಕಿದೆ, ಭಯ ಆಗುತ್ತದೆ.
– ರಾಯಚೂರಿನ ಓದುಗರು

ಉತ್ತರ: ಧೈರ್ಯವಾಗಿ ಹೋಗಿ. ಬಿರುಕು ಬರುತ್ತದೆ ಅಂತ ಒಪ್ಪಿಕೊಂಡೇ ವಿಮಾನ ಕಟ್ಟುತ್ತಾರೆ, ನಿಮ್ಮ ಭರವಸೆಗೆ ಅದೇ ಕಾರಣ. ಆದರೆ ಈ ಪಾಠ ಕಲಿಯಲು ಜೀವಗಳು ಹೋಗಿವೆ, ಅದನ್ನು ಮುಚ್ಚಿಡುವುದು ಸರಿಯಲ್ಲ.

ಬ್ರಿಟನ್ನಿನ ಕಾಮೆಟ್ ಲೋಕದ ಮೊದಲ ಜೆಟ್ ಪ್ರಯಾಣಿಕ ವಿಮಾನ. 1954ರ ಜನವರಿಯಲ್ಲಿ ಒಂದು ಇಟಲಿಯ ಎಲ್ಬಾ ದ್ವೀಪದ ಬಳಿ, ಏಪ್ರಿಲ್‌ನಲ್ಲಿ ಇನ್ನೊಂದು ನೇಪಲ್ಸ್ ಬಳಿ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ಎತ್ತರಕ್ಕೆ ಹೋದಾಗ ಒಳಗಿನ ಗಾಳಿಯ ಒತ್ತಡಕ್ಕೆ ವಿಮಾನದ ಮೈ ಉಬ್ಬುತ್ತದೆ, ಇಳಿದಾಗ ಮೊದಲಿನಂತೆ ಆಗುತ್ತದೆ. ಒಂದು ಹಾರಾಟಕ್ಕೆ ಒಂದು ಸುತ್ತು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇನ್ನೊಂದು ಕಾಮೆಟ್ ಮೈಯನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೂ ನೀರು ತುಂಬಿ, ಒತ್ತಡ ಏರಿಸಿ ಇಳಿಸಿದರು. ನೀರಾದರೆ ಸೀಳಿದಾಗ ಸ್ಫೋಟ ಆಗುವುದಿಲ್ಲ, ಎಲ್ಲಿಂದ ಶುರುವಾಯಿತು ಅಂತ ನೋಡಬಹುದು. ಮೊದಲು ಹಾರಿದ್ದೂ ಸೇರಿ 3,057 ಸುತ್ತಿಗೆ ಮೈ ಸೀಳಿತು. ಬಿರುಕು ಶುರುವಾಗಿದ್ದು ಕಿಟಕಿಯಂಥ ತೆರಪಿನ ಮೂಲೆಯ ಬಳಿಯ ತೂತಿನಿಂದ. ಗಂಗಾವತಿಯ ಬ್ರಾಕೆಟ್ಟಿನಲ್ಲೂ ನೋಡಿ, ತೂತಿನ ಅಂಚೇ.

ಕಂಪನಿಯವರು ಮೊದಲೇ ಪರೀಕ್ಷೆ ಮಾಡಿರಲಿಲ್ಲವೇ ಅಂದರೆ, ಮಾಡಿದ್ದರು. ಅವರ ತುಂಡು 10 ಸಾವಿರ ಸುತ್ತಿಗಿಂತ ಎಷ್ಟೋ ಜಾಸ್ತಿ ತಡೆದಿತ್ತು. ಆದರೆ ಅದೇ ತುಂಡಿನ ಮೇಲೆ ಅದಕ್ಕೂ ಮೊದಲು ಮಾಮೂಲಿಗಿಂತ ಎರಡು ಪಟ್ಟು ಒತ್ತಡ ಹಾಕಿ ಗಟ್ಟಿ ಇದೆಯಾ ಅಂತ ನೋಡಿದ್ದರು. ಆ ದೊಡ್ಡ ಒತ್ತಡಕ್ಕೆ ತೂತಿನ ಅಂಚಿನ ಲೋಹ ಹಿಗ್ಗಿ, ಒತ್ತಡ ಇಳಿದ ಮೇಲೆ ಸುತ್ತಲಿನ ಲೋಹದ ಅದುಮಿಗೆ ಸಿಕ್ಕಿಕೊಂಡಿತು. ಅದುಮಿಕೊಂಡಿರುವ ಕಡೆ ಬಿರುಕು ಸುಲಭಕ್ಕೆ ಹುಟ್ಟುವುದಿಲ್ಲ. ಹಾಗಾಗಿ ಪರೀಕ್ಷೆಯ ತುಂಡು ನಿಜವಾದ ವಿಮಾನಕ್ಕಿಂತ ಬಾಳಿತು. ಇವತ್ತು ಇದೇ ಗುಣವನ್ನು ಬೇಕೆಂದೇ ಬಳಸುತ್ತಾರೆ. ರಿವೆಟ್ ತೂತನ್ನು ಒಳಗಿನಿಂದ ಹಿಗ್ಗಿಸಿ ಅಂಚನ್ನು ಅದುಮಿಕೊಳ್ಳುವಂತೆ ಮಾಡುತ್ತಾರೆ, ಬಿರುಕು ಬೆಳೆಯುವ ವೇಗ ಬಹಳ ತಗ್ಗುತ್ತದೆ. ಬೆಳೆಯುತ್ತಿರುವ ಬಿರುಕಿಗೂ ನಡುವೆ ಒಂದು ದೊಡ್ಡ ಎಳೆತ ಬಿದ್ದರೆ ಅದು ಕೆಲವು ಕಾಲ ನಿಧಾನವಾಗುತ್ತದೆ. ಬಿರುಕಿನ ಎರಡು ಬದಿ ಎಳೆತ ಪೂರ್ತಿ ಇಳಿಯುವ ಮೊದಲೇ ಒಂದಕ್ಕೊಂದು ತಾಗಿಬಿಡುತ್ತವೆ ಅಂತ ಸಂಶೋಧಕ ವೋಲ್ಫ್ ಎಲ್ಬರ್ 1970ರ ಹೊತ್ತಿಗೆ ತೋರಿಸಿಕೊಟ್ಟ ಮೇಲೆ ಇದಕ್ಕೆ ವಿವರಣೆಯೂ ಸಿಕ್ಕಿತು.

ಲೋಹ ಆರಿಸುವಾಗಲೂ ಇದೇ ಯೋಚನೆ. ರೆಕ್ಕೆಯ ಕೆಳಮೈ ಹಾರುವಾಗ ಎಳೆತಕ್ಕೆ ಸಿಗುತ್ತದೆ, ಅಲ್ಲಿಗೆ ಬಲ ಕಡಿಮೆಯಾದರೂ ಬಿರುಕು ನಿಧಾನ ಬೆಳೆಯುವ 2024 ಅನ್ನುವ ಮಿಶ್ರಲೋಹ. ಮೇಲ್ಮೈ ಅದುಮಿಗೆ ಸಿಗುತ್ತದೆ, ಅಲ್ಲಿಗೆ 7075. ಎಷ್ಟೋ ವಿಮಾನಗಳಲ್ಲಿ ಹೀಗೇ ಹಂಚಿದ್ದಾರೆ.

ಇನ್ನೊಂದು ಘಟನೆ ಹೇಳಲೇಬೇಕು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ಒಂದರ ಮುಂಭಾಗದ ಚಾವಣಿ ಹಾರುತ್ತಿರುವಾಗಲೇ ಕಿತ್ತುಹೋಯಿತು. ಅದು ಆಗಲೇ 89,680 ಹಾರಾಟ ಮುಗಿಸಿತ್ತು, ಉಪ್ಪುಗಾಳಿಯ ದ್ವೀಪಗಳ ನಡುವೆ. ತಗಡುಗಳ ಜೋಡಣೆಯ ಅಂಟು ಬಿಟ್ಟು, ಸಾಲು ರಿವೆಟ್ ತೂತುಗಳಲ್ಲಿ ಒಂದೊಂದರಲ್ಲೂ ಸಣ್ಣ ಬಿರುಕು ಹುಟ್ಟಿ, ಕೊನೆಗೆ ಎಲ್ಲ ಕೂಡಿಕೊಂಡವು. ಒಬ್ಬ ಪರಿಚಾರಕಿ ತೀರಿಕೊಂಡರು. ವಿಮಾನ ಇಳಿಯಿತು, ಉಳಿದವರೆಲ್ಲ ಬದುಕಿದರು. ಹತ್ತುವಾಗಲೇ ಬಾಗಿಲ ಹತ್ತಿರ ಉದ್ದನೆಯ ಬಿರುಕು ಕಂಡಿದ್ದಾಗಿ ಒಬ್ಬ ಪ್ರಯಾಣಿಕರು ಆಮೇಲೆ ಹೇಳಿದರು, ಆಗ ಯಾರಿಗೂ ಹೇಳಿರಲಿಲ್ಲ. ಅಲ್ಲಿಂದ ಹಳೇ ವಿಮಾನಗಳ ತಪಾಸಣೆ ಬಹಳ ಬಿಗಿಯಾಯಿತು. ಈಗ ಬಿರುಕು ಅಪಾಯದ ಉದ್ದಕ್ಕೆ ಬೆಳೆಯಲು ಎಷ್ಟು ಹಾರಾಟ ಬೇಕು ಅಂತ ಮೊದಲೇ ಲೆಕ್ಕ ಹಾಕಿ, ಅಷ್ಟರೊಳಗೆ ಕನಿಷ್ಠ ಎರಡು ಸಲ ಕಣ್ಣಿಗೆ ಬೀಳುವಂತೆ ತಪಾಸಣೆ ಇಡುವುದು ರೂಢಿ. ನೀವು ಮಗಳ ಮನೆಗೆ ಆರಾಮಾಗಿ ಹೋಗಿಬನ್ನಿ.

ಪ್ರಶ್ನೆ: ನಮ್ಮ ಕಡೆಯ ಬಿಸಿಲಿಗೇ ಅಲ್ಯೂಮಿನಿಯಂ ಬಿರಿಯುತ್ತದಾ? ಬಸ್ಸಿನ ತಗಡುಗಳು ಸಡಿಲ ಆಗುತ್ತಲೇ ಇರುತ್ತವೆ.
– ಕೊಪ್ಪಳದ ಓದುಗರು

ಉತ್ತರ: 42-43 ಡಿಗ್ರಿ ಬಿಸಿಲು ಅಲ್ಯೂಮಿನಿಯಂ ಹದವನ್ನು ಕೆಡಿಸುವುದಿಲ್ಲ. ಆದರೆ ಅದು ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಉಕ್ಕಿನ ಚೌಕಟ್ಟಿಗೆ ಬಿಗಿದ 1 ಮೀಟರ್ ತಗಡು 40 ಡಿಗ್ರಿ ಏರಿದಾಗ ಚೌಕಟ್ಟಿಗಿಂತ ಸುಮಾರು 0.4 ಮಿಲಿಮೀಟರ್ ಜಾಸ್ತಿ ಉದ್ದವಾಗುತ್ತದೆ. ದಿನಕ್ಕೆ ಒಂದು ಸಲ ಆಗುವ ಈ ಎಳೆದಾಟಕ್ಕೆ ರಿವೆಟ್ಟು ಸಡಿಲ ಆಗುತ್ತದೆ. ಸಡಿಲ ಆದ ಮೇಲೆ ರಸ್ತೆಯ ಕುಲುಕಾಟ ಬಿರುಕಿನ ಕೆಲಸ ಮಾಡುತ್ತದೆ. ಗಾಳಿಯ ತೇವದ ಪಾತ್ರವೂ ಇದೆ. ಬಿರುಕಿನ ತುದಿಯಲ್ಲಿ ತೆರೆದುಕೊಂಡ ಹೊಸ ಲೋಹಕ್ಕೆ ನೀರಿನ ಆವಿ ತಾಗಿದರೆ ಹೈಡ್ರೋಜನ್ ಹುಟ್ಟುತ್ತದೆ, ಬಿರುಕು ಬೇಗ ಓಡುತ್ತದೆ. ಆ ಮಟ್ಟಿಗೆ ಕರಾವಳಿಗಿಂತ ನಮ್ಮ ಒಣ ಹವೆ ಅಲ್ಯೂಮಿನಿಯಂಗೆ ಒಳ್ಳೆಯದೇ.

ಪ್ರಶ್ನೆ: ಮುರಿದ ತುಂಡನ್ನು ನೋಡಿ ದಣಿವಿನಿಂದ ಮುರಿದಿದೆಯಾ, ಒಂದೇ ಏಟಿಗೆ ಮುರಿದಿದೆಯಾ ಅಂತ ಹೇಳಬಹುದಾ?
– ತೋರಣಗಲ್ಲಿನ ಫಿಟ್ಟರ್

ಉತ್ತರ: ಬಹಳ ಸಲ ಬರಿಗಣ್ಣಿಗೇ ಗೊತ್ತಾಗುತ್ತದೆ. ದಣಿವಿನಿಂದ ಮುರಿದ ಮುಖದಲ್ಲಿ ಎರಡು ಭಾಗ ಇರುತ್ತವೆ. ಒಂದು ನುಣುಪಾಗಿ, ಕೆರೆಯ ದಂಡೆಯಲ್ಲಿ ನೀರು ಇಳಿದಾಗ ಉಳಿಯುವ ಗೆರೆಗಳಂಥ ಬಾಗಿದ ಗುರುತುಗಳೊಡನೆ. ಯಂತ್ರ ನಿಂತು ಶುರುವಾದಾಗ, ಭಾರ ಬದಲಾದಾಗ ಈ ಗುರುತು ಬೀಳುತ್ತವೆ, ಅವು ಯಾವ ಬಿಂದುವಿನ ಕಡೆ ಬಾಗಿವೆಯೋ ಅಲ್ಲೇ ಬಿರುಕು ಹುಟ್ಟಿದ್ದು. ಇನ್ನೊಂದು ಭಾಗ ಒರಟು, ಕೊನೆಯಲ್ಲಿ ಒಮ್ಮೆಗೇ ಹರಿದಿದ್ದು. ಒರಟು ಭಾಗ ಚಿಕ್ಕದಿದ್ದರೆ ಭಾರ ಕಡಿಮೆಯೇ ಇತ್ತು, ಬಿರುಕು ಬಹಳ ಕಾಲ ಬೆಳೆದಿದೆ ಅಂತ ಅರ್ಥ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇನ್ನೂ ಸಣ್ಣ ಗೆರೆಗಳು ಕಾಣುತ್ತವೆ, ಬೆಳೆಯುವ ಮುಖ್ಯ ಹಂತದಲ್ಲಿ ಒಂದು ಎಳೆತಕ್ಕೆ ಒಂದು ಗೆರೆ. ಎಣಿಸಿದರೆ ಬಿರುಕಿನ ವಯಸ್ಸೇ ಸಿಗುತ್ತದೆ.

ಅದಕ್ಕೆ ಮುರಿದ ತುಂಡುಗಳನ್ನು ಎಸೆಯಬೇಡಿ. ಕೂಡುತ್ತದಾ ಅಂತ ಎರಡನ್ನೂ ಒಂದಕ್ಕೊಂದು ಒತ್ತಿ ನೋಡಬೇಡಿ, ಗೆರೆಗಳು ಅಳಿಸಿಹೋಗುತ್ತವೆ. ವೈರ್ ಬ್ರಷ್ ಹಾಕಬೇಡಿ, ಮುಖವನ್ನು ಬೆರಳಿನಿಂದ ಮುಟ್ಟಬೇಡಿ. ಒಣ ಬಟ್ಟೆಯಲ್ಲಿ ಬೇರೆ ಬೇರೆಯಾಗಿ ಸುತ್ತಿ, ಯಾವ ಯಂತ್ರದ್ದು, ಯಾವ ಬದಿ ಮೇಲಿತ್ತು, ಎಷ್ಟು ಗಂಟೆ ಓಡಿತ್ತು ಅಂತ ಒಂದು ಚೀಟಿ ಬರೆದು ಜೊತೆಗಿಡಿ.